ಹಿರಿಯರ ಆರೈಕೆ ಮನೆ: ಗುಣಮಟ್ಟ, ಸುರಕ್ಷತೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪನನ್ನೋ ಅಮ್ಮನನ್ನೋ ಆರೈಕೆ ಮನೆಗೆ ಸೇರಿಸಬೇಕಾಗಿ ಬಂದವರು ನನ್ನನ್ನು ಕೇಳುವ ಪ್ರಶ್ನೆಗಳು ಇವು. ಇಂಥ ಮನೆಗಳಲ್ಲಿ ನಾನು ವರ್ಷಗಟ್ಟಲೆ ನರ್ಸ್ ಆಗಿ ಕೆಲಸ ಮಾಡಿದ್ದೇನೆ, ಅದರಲ್ಲಿ ಅರ್ಧದಷ್ಟು ರಾತ್ರಿ ಪಾಳಿ. ಉತ್ತರಗಳು ಒಂದೇ ಉದ್ದ ಇಲ್ಲ. ಮನೆಯವರ ಕಣ್ಣಿಗೆ ಬೀಳದೆ ಹೋಗುವ ವಿಷಯಗಳ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮಾನದಂಡ ಮಾನದಂಡ ಅಂತಾರಲ್ಲ, ಹಾಗಂದರೆ ಏನು?

ಎರಡು ಬಗೆ ಇದೆ. ಒಂದು, ಕಾನೂನು ಹೇಳುವ ಕನಿಷ್ಠ: ಕಟ್ಟಡ, ಬೆಂಕಿಯಿಂದ ರಕ್ಷಣೆ, ಅಡುಗೆಮನೆ, ಸಿಬ್ಬಂದಿ, ಔಷಧಿಯ ದಾಖಲೆ. ಇದು ದೇಶದಿಂದ ದೇಶಕ್ಕೆ ಬೇರೆ. ಇನ್ನೊಂದು, ಒಳ್ಳೆಯ ಆರೈಕೆ ಹೇಗಿರಬೇಕು ಅನ್ನುವ ತಿಳಿವಳಿಕೆ. ಇದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. 1991ರಲ್ಲಿ ವಿಶ್ವಸಂಸ್ಥೆ ಹಿರಿಯರಿಗಾಗಿ ಒಪ್ಪಿಕೊಂಡ ತತ್ವಗಳು ಐದು ಗುಂಪಿನಲ್ಲಿವೆ: ಸ್ವಾತಂತ್ರ್ಯ, ಪಾಲ್ಗೊಳ್ಳುವಿಕೆ, ಆರೈಕೆ, ತನ್ನ ಇಷ್ಟದಂತೆ ಬೆಳೆಯುವ ಅವಕಾಶ, ಘನತೆ. ಇಂಗ್ಲೆಂಡಿನಲ್ಲಿ ಇಂಥ ಮನೆಗಳನ್ನು ತಪಾಸಣೆ ಮಾಡುವ ಕೇರ್ ಕ್ವಾಲಿಟಿ ಕಮಿಷನ್ ಕೂಡ ಐದೇ ಪ್ರಶ್ನೆ ಇಟ್ಟುಕೊಂಡಿದೆ. ಇಲ್ಲಿ ಜನ ಸುರಕ್ಷಿತವಾಗಿದ್ದಾರಾ? ಆರೈಕೆಯಿಂದ ಉಪಯೋಗ ಆಗುತ್ತಿದೆಯಾ? ಸಿಬ್ಬಂದಿಗೆ ಅಕ್ಕರೆ ಇದೆಯಾ? ಒಬ್ಬೊಬ್ಬರ ಅಗತ್ಯಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರಾ? ಆಡಳಿತ ಸರಿ ಇದೆಯಾ? ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಈ ಐದನ್ನು ಇಟ್ಟುಕೊಂಡು ನೀವು ಒಂದು ಮನೆಯನ್ನು ಅಳೆಯಬಹುದು.

ಪರವಾನಗಿ ಇದೆ, ಸರ್ಟಿಫಿಕೇಟ್ ಗೋಡೆಗೆ ಹಾಕಿದ್ದಾರೆ. ಅಷ್ಟು ಸಾಕಲ್ವಾ?

ಸಾಲದು. ಪರವಾನಗಿ ಇಲ್ಲದ ಕಡೆ ಹೋಗಲೇಬೇಡಿ, ಅದು ಬೇರೆ ಮಾತು. ಆದರೆ ತಪಾಸಣೆ ಅನ್ನುವುದು ಒಂದೆರಡು ದಿನದ ನೋಟ. ಉಳಿದ ದಿನಗಳಲ್ಲಿ ಏನು ನಡೆಯುತ್ತದೆ ಅಂತ ಅದು ಪೂರ್ತಿ ಹೇಳುವುದಿಲ್ಲ.

ತಪಾಸಣೆ ವರದಿ ಸಿಕ್ಕರೆ ಮೇಲಿನ ಶ್ರೇಣಿ ನೋಡಿ ಮಡಚಿಡಬೇಡಿ, ಒಳಗೆ ಓದಿ. ಹಳೆಯ ವರದಿಯೂ ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೋದ ಸಲ ಎತ್ತಿದ ತಪ್ಪೇ ಈ ಸಲವೂ ಇದ್ದರೆ ಆ ಮನೆಯಲ್ಲಿ ತಿದ್ದಿಕೊಳ್ಳುವವರು ಯಾರೂ ಇಲ್ಲ ಅಂತ ಅರ್ಥ. ಅಮೆರಿಕದಲ್ಲಿ 2008ರಿಂದ ಹಿರಿಯರ ಆರೈಕೆ ಮನೆಗಳಿಗೆ, ಅಂದರೆ ಅಲ್ಲಿನವರು ಹೇಳುವ ನರ್ಸಿಂಗ್ ಹೋಮ್‌ಗಳಿಗೆ ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ಅದರಲ್ಲೂ ತಪಾಸಣೆಗೆ ಬೇರೆ, ಸಿಬ್ಬಂದಿಗೆ ಬೇರೆ, ಆರೈಕೆಯ ಅಳತೆಗೆ ಬೇರೆ ಅಂಕ. ನಾನಾದರೆ ಒಟ್ಟು ನಕ್ಷತ್ರಕ್ಕಿಂತ ಮೊದಲು ಸಿಬ್ಬಂದಿಯ ಅಂಕ ನೋಡುತ್ತೇನೆ. ಮ್ಯಾನೇಜರ್ ಎಷ್ಟು ವರ್ಷದಿಂದ ಇದ್ದಾರೆ ಅಂತಲೂ ಕೇಳಿ. ಎರಡು ವರ್ಷದಲ್ಲಿ ಮೂವರು ಬದಲಾಗಿದ್ದರೆ ಕಾರಣ ಕೇಳದೆ ಎದ್ದು ಬರಬೇಡಿ.

ನೋಡಲು ಹೋದಾಗ ಏನೇನು ಗಮನಿಸಬೇಕು?

ಎರಡು ಸಲ ಹೋಗಿ. ಒಂದು ಸಲ ಹೇಳಿ, ಇನ್ನೊಂದು ಸಲ ಹೇಳದೆ. ಹೇಳದೆ ಹೋಗುವುದು ಸಂಜೆ 6ರ ಮೇಲೆ ಇರಲಿ, ಇಲ್ಲವೇ ರಜಾದಿನ ಇರಲಿ, ಯಾಕೆಂದರೆ ಆಗ ಕಚೇರಿಯವರು ಮನೆಗೆ ಹೋಗಿರುತ್ತಾರೆ, ಸಿಬ್ಬಂದಿ ಕಡಿಮೆ ಇರುತ್ತಾರೆ, ನಿಜವಾದ ಮನೆ ಕಾಣುತ್ತದೆ. ಊಟದ ಹೊತ್ತಿಗೆ ಸರಿಯಾಗಿ ಹೋದರೆ ಇನ್ನೂ ಒಳ್ಳೆಯದು.

ಮುಂದಿನ ಹಾಲಿನ ಸೋಫಾ, ಹೂಕುಂಡ, ದೊಡ್ಡ ಟಿವಿ ಇವನ್ನೆಲ್ಲ ಬಿಟ್ಟುಬಿಡಿ. ಅಲ್ಲಿರುವ ಹಿರಿಯರನ್ನು ನೋಡಿ. ಉಗುರು ಕತ್ತರಿಸಿದ್ದಾರಾ? ಕನ್ನಡಕದ ಗಾಜು ಒರೆಸಿದೆಯಾ, ಅಥವಾ ಮಬ್ಬಾಗಿದೆಯಾ? ಕಿವಿಯ ಯಂತ್ರ ಕಿವಿಯಲ್ಲಿದೆಯಾ, ಡ್ರಾಯರ್‌ನಲ್ಲಿದೆಯಾ? ಹಾಕಿಕೊಂಡಿರುವ ಬಟ್ಟೆ ಅವರದೇನಾ? ಹಾಸಿಗೆಯಲ್ಲೇ ಇರುವವರ ಪಕ್ಕ ನೀರಿನ ಲೋಟ ಇದೆಯಾ, ಇದ್ದರೆ ಕೈಗೆ ಎಟುಕುತ್ತದಾ? ಲಕ್ವ ಹೊಡೆದು ಬಲಗೈ ಆಡದವರಿಗೆ ಬಲಗಡೆ ನೀರಿಟ್ಟು ಹೋಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಾಗೆ ಇಟ್ಟರೆ ನೀರು ಕೊಡದೇ ಇದ್ದ ಹಾಗೇ.

ಕರೆಗಂಟೆಯ ವೈರ್ ಎಲ್ಲಿದೆ ನೋಡಿ. ಗೋಡೆಯ ಮೇಲೆ ಸುತ್ತಿ ಕಟ್ಟಿದ್ದರೆ, "ಸುಮ್ನೆ ಸುಮ್ನೆ ಒತ್ತುತ್ತಾರೆ" ಅಂತ ಯಾರೋ ಅದನ್ನು ದೂರ ಇಟ್ಟಿದ್ದಾರೆ. ಗಂಟೆ ಬಾರಿಸಿದ ಮೇಲೆ ಯಾರಾದರೂ ಬರಲು ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡಿಕೊಳ್ಳಿ. ಬಾತ್‌ರೂಮಿಗೆ ಹೋಗಬೇಕಾದವರಿಗೆ 15 ನಿಮಿಷ ಅನ್ನುವುದು ಬಹಳ ದೀರ್ಘ. ಅವರು ತಾವೇ ಎದ್ದು ಹೋಗಲು ನೋಡುತ್ತಾರೆ, ಬೀಳುತ್ತಾರೆ.

ವಾಸನೆ ಬಗ್ಗೆ ಒಂದು ಮಾತು. ಬೆಳಗ್ಗೆ ಒಂದು ಕೋಣೆಯಲ್ಲಿ ಮೂತ್ರದ ವಾಸನೆ ಬಂದರೆ ಅದು ಈಗಷ್ಟೇ ಆದದ್ದು ಇರಬಹುದು. ಇಡೀ ಕಾರಿಡಾರಿನಲ್ಲಿ ಬರುತ್ತಿದ್ದರೆ ಅದು ಹಳೆಯದು. ಕಣ್ಣು ಉರಿಯುವಷ್ಟು ಸುಗಂಧ ಸಿಂಪಡಿಸಿದ್ದರೂ ನನಗೆ ಅನುಮಾನ ಬರುತ್ತದೆ.

ಮ್ಯಾನೇಜರ್ ಕರೆದುಕೊಂಡು ಬಂದು ಮಾತಾಡಿಸುವ ಅಜ್ಜಿ ಜೊತೆಗೆ, ಮೂಲೆಯಲ್ಲಿ ಸುಮ್ಮನೆ ಕೂತಿರುವ ಅಜ್ಜಿಯನ್ನೂ ಮಾತಾಡಿಸಿ.

ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ ಇರಬೇಕು?

ಎಲ್ಲ ಕಡೆಗೂ ಹೊಂದುವ ಒಂದೇ ಸಂಖ್ಯೆ ಇಲ್ಲ. ತಾವೇ ಓಡಾಡುವ 20 ಜನ ಬೇರೆ, ಎತ್ತಿ ಕೂರಿಸಬೇಕಾದ 20 ಜನ ಬೇರೆ. ಆಸ್ಟ್ರೇಲಿಯಾ ಇದಕ್ಕೆ ನಿಮಿಷದ ಲೆಕ್ಕ ತಂದಿದೆ. 2018ರಿಂದ 2021ರವರೆಗೆ ಅಲ್ಲಿ ಹಿರಿಯರ ಆರೈಕೆಯ ಬಗ್ಗೆ ದೊಡ್ಡ ವಿಚಾರಣಾ ಆಯೋಗ ನಡೆಯಿತು, ಅದರ ನಂತರ ಬಂದ ನಿಯಮಗಳ ಪ್ರಕಾರ 2024ರ ಅಕ್ಟೋಬರ್‌ನಿಂದ ಒಬ್ಬ ನಿವಾಸಿಗೆ ದಿನಕ್ಕೆ ಸರಾಸರಿ 215 ನಿಮಿಷ ಆರೈಕೆ ಸಿಗಬೇಕು, ಅದರಲ್ಲಿ 44 ನಿಮಿಷ ನೋಂದಾಯಿತ ನರ್ಸ್‌ನದು. ದಿನದ 24 ಗಂಟೆಯೂ ಒಬ್ಬ ನೋಂದಾಯಿತ ನರ್ಸ್ ಅಲ್ಲೇ ಇರಬೇಕು ಅನ್ನುವುದು ಅದಕ್ಕೂ ಮೊದಲೇ, 2023ರ ಜುಲೈನಲ್ಲಿ ಬಂತು.

ನೀವು ಕೇಳಬೇಕಾದ ಪ್ರಶ್ನೆ ಒಂದೇ: ರಾತ್ರಿ 3 ಗಂಟೆಗೆ ಎಚ್ಚರವಾಗಿರುವವರು ಎಷ್ಟು ಜನ? "ಡ್ಯೂಟಿಯಲ್ಲಿ" ಎಷ್ಟು ಜನ ಅಂತ ಅಲ್ಲ, ಎಚ್ಚರವಾಗಿ. ಒಬ್ಬರನ್ನು ಮಗ್ಗುಲು ಬದಲಿಸಲು ಇಬ್ಬರು ಬೇಕು ಅಂತ ಬರೆದಿದ್ದು, ರಾತ್ರಿ ಇರುವುದೇ ಒಬ್ಬರಾದರೆ ಆ ಬರೆದದ್ದಕ್ಕೆ ಬೆಲೆ ಇಲ್ಲ. ಈ ವಾರದ ಡ್ಯೂಟಿ ಪಟ್ಟಿ ತೋರಿಸಿ ಅಂತ ಕೇಳಿ. ನೆಲ ಒರೆಸುತ್ತಿರುವವರನ್ನೂ ಊಟ ಮಾಡಿಸುತ್ತಿರುವವರನ್ನೂ "ಎಷ್ಟು ದಿನದಿಂದ ಇಲ್ಲಿದ್ದೀರಿ" ಅಂತ ಕೇಳಿ. ಎಲ್ಲರೂ ಎರಡು ತಿಂಗಳು, ಮೂರು ತಿಂಗಳು ಅಂದರೆ, ನಿಮ್ಮ ತಾಯಿಯ ಅಭ್ಯಾಸಗಳು ಗೊತ್ತಿರುವವರು ಅಲ್ಲಿ ಯಾವತ್ತೂ ಇರುವುದಿಲ್ಲ.

ಹಾಸಿಗೆ ಹುಣ್ಣು ವಯಸ್ಸಾದವರಿಗೆ ಆಗೇ ಆಗುತ್ತೆ ಅಂತಾರೆ, ನಿಜವಾ?

ಬಹುಪಾಲು ನಿಜವಲ್ಲ. ಸಾವಿನ ಅಂಚಿನಲ್ಲಿರುವ ಕೆಲವರಿಗೆ ಎಷ್ಟು ನೋಡಿಕೊಂಡರೂ ಆಗಬಹುದು. ಉಳಿದವರಿಗೆ ಆಗುವ ಹುಣ್ಣುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು.

ಆಗುವುದು ಹೀಗೆ. ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಸಿಕ್ಕಿಕೊಳ್ಳುತ್ತದೆ, ರಕ್ತ ಹರಿಯುವುದು ನಿಲ್ಲುತ್ತದೆ, ಕೆಲವು ಗಂಟೆಗಳಲ್ಲಿ ಒಳಗಿನ ಮಾಂಸ ಸಾಯಲು ಶುರುವಾಗುತ್ತದೆ. ನಮಗಾದರೆ ನಿದ್ದೆಯಲ್ಲೇ ನೋವಾಗಿ ಹೊರಳುತ್ತೇವೆ. ಅವರಿಗೆ ಹೊರಳಲು ಆಗುವುದಿಲ್ಲ, ಕೆಲವರಿಗೆ ನೋವೇ ಗೊತ್ತಾಗುವುದಿಲ್ಲ. ಬೆನ್ನಿನ ತುದಿ, ಹಿಮ್ಮಡಿ, ಸೊಂಟದ ಪಕ್ಕ, ಒಂದೇ ಮಗ್ಗುಲಲ್ಲಿ ಮಲಗುವವರ ಕಿವಿ, ಇಲ್ಲೆಲ್ಲ ಆಗುತ್ತದೆ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಇನ್ನೂ ಸಮಯ ಇದೆ. ಬಿಳಿಚಿಕೊಳ್ಳದೆ ಕೆಂಪಾಗೇ ಇದ್ದರೆ ಮೊದಲ ಹಂತದ ಹುಣ್ಣು ಆಗಲೇ ಶುರುವಾಗಿದೆ. ಕಪ್ಪು ಚರ್ಮದಲ್ಲಿ ಈ ಕೆಂಪು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಕೈಯಿಟ್ಟು ನೋಡಬೇಕು: ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ, ಮುಟ್ಟಿದರೆ ನೋವಾಗುತ್ತದಾ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹಳೆಯ ರೂಢಿ. ಒಳ್ಳೆಯ ಒತ್ತಡ ಹಂಚುವ ಹಾಸಿಗೆ ಇದ್ದರೆ ಕೆಲವರಿಗೆ ಸ್ವಲ್ಪ ಜಾಸ್ತಿ ಹೊತ್ತು ಬಿಡಬಹುದು, ಆದರೆ ಅದನ್ನು ಅವರ ಚರ್ಮ ನೋಡಿ ನಿರ್ಧರಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸದೆ ಸುಮಾರು 30 ಡಿಗ್ರಿ ಓರೆಯಾಗಿ ದಿಂಬು ಕೊಡುವುದು ಸೊಂಟದ ಮೂಳೆಗೆ ಒಳ್ಳೆಯದು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿರುವಂತೆ ಮಾಡಬೇಕು. ನಡುವೆ ತೂತಿರುವ ಉಂಗುರದ ದಿಂಬು ಬೇಡ, ಅದು ಸುತ್ತ ಒತ್ತಿ ರಕ್ತವನ್ನು ಇನ್ನಷ್ಟು ತಡೆಯುತ್ತದೆ. ಕೆಂಪಾದ ಜಾಗವನ್ನು ತಿಕ್ಕಿ ಮಸಾಜ್ ಮಾಡುವುದೂ ಬೇಡ. ಕುರ್ಚಿಯಲ್ಲಿ ಕೂರಿಸಿದವರನ್ನು ಎಲ್ಲರೂ ಮರೆಯುತ್ತಾರೆ. ಕೂತಾಗ ದೇಹದ ಭಾರವೆಲ್ಲ ಚಿಕ್ಕ ಜಾಗದ ಮೇಲೆ ಬೀಳುತ್ತದೆ, ಅಲ್ಲಿ ಇನ್ನೂ ಬೇಗ ಬೇಗ ಸರಿಸಬೇಕು.

ಬ್ರೇಡನ್ ಮಾಪನ ಅಂತ ಒಂದಿದೆ, 1987ರಲ್ಲಿ ಪ್ರಕಟವಾದದ್ದು. ಸ್ಪರ್ಶದ ಅರಿವು, ತೇವ, ಓಡಾಟ, ಹೊರಳುವ ಶಕ್ತಿ, ಪೋಷಣೆ, ಉಜ್ಜುವಿಕೆ ಈ ಆರಕ್ಕೆ ಅಂಕ ಕೊಡುತ್ತಾರೆ. ಒಟ್ಟು 23. ಸಾಮಾನ್ಯವಾಗಿ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯದಲ್ಲಿದ್ದಾರೆ ಅಂತ ಲೆಕ್ಕ. ಸೇರಿಸಿದ ದಿನವೇ ಇಂಥ ಒಂದು ಅಳತೆ ಮಾಡಿದ್ದಾರಾ, ಆಮೇಲೆ ಮತ್ತೆ ಯಾವಾಗ ಮಾಡಿದರು ಅಂತ ಕೇಳಿ. "ಈಗ ನಿಮ್ಮಲ್ಲಿ ಎಷ್ಟು ಜನಕ್ಕೆ ಹುಣ್ಣಿದೆ, ಅದರಲ್ಲಿ ಇಲ್ಲಿಗೆ ಬಂದ ಮೇಲೆ ಆದದ್ದು ಎಷ್ಟು" ಅಂತಲೂ ಕೇಳಿ. ಒಳ್ಳೆಯ ಮನೆಯವರಿಗೆ ಈ ಲೆಕ್ಕ ಬಾಯಲ್ಲೇ ಇರುತ್ತದೆ.

ನಾನು ಕೆಲಸ ಮಾಡಿದ ಒಂದು ಕಡೆ, ಬೆಳಗಿನ 5 ಗಂಟೆಯವರೆಗಿನ ಮಗ್ಗುಲು ಬದಲಿಸಿದ ಸಹಿಗಳನ್ನು ರಾತ್ರಿ 11ಕ್ಕೇ ಹಾಕಿಟ್ಟಿದ್ದರು. ಅದೇ ಪೆನ್ನು, ಅದೇ ಓರೆ. ಆ ಕೋಣೆಯ ಅಜ್ಜಿಯ ಬೆನ್ನಿನ ತುದಿಯಲ್ಲಿ ಕೆಲವೇ ವಾರಗಳಲ್ಲಿ ಮೂಳೆ ಕಾಣುವಷ್ಟು ಹುಣ್ಣಾಯಿತು. ಅವತ್ತಿನಿಂದ ನಾನು ಪಟ್ಟಿ ನೋಡುವ ಮೊದಲು ಚರ್ಮ ನೋಡುತ್ತೇನೆ.

ಬೀಳದ ಹಾಗೆ ಮಂಚಕ್ಕೆ ಕಂಬಿ ಹಾಕಿ, ಬೇಕಾದರೆ ಕುರ್ಚಿಗೆ ಕಟ್ಟಿ ಅಂತ ನಾವೇ ಹೇಳಬಹುದಾ?

ಈ ಪ್ರಶ್ನೆ ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ, ನನಗೆ ಗೊತ್ತು. ಆದರೂ ಬೇಡ.

ಕಟ್ಟಿ ಕೂರಿಸಿದರೆ ಕಾಲಿನ ಬಲ ವಾರಗಳಲ್ಲಿ ಇಳಿಯುತ್ತದೆ. ಬಿಡಿಸಿದ ದಿನ ಮೊದಲಿಗಿಂತ ಸುಲಭವಾಗಿ ಬೀಳುತ್ತಾರೆ. ಹುಣ್ಣು, ಮಲಬದ್ಧತೆ, ಸಿಟ್ಟು, ಗೊಂದಲ ಎಲ್ಲ ಜಾಸ್ತಿ. ಬಿಡಿಸಿಕೊಳ್ಳಲು ಒದ್ದಾಡಿ ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು ಸತ್ತವರೂ ಇದ್ದಾರೆ. ಅಮೆರಿಕ 1987ರಲ್ಲೇ ಕಾನೂನು ಮಾಡಿ, ಸಿಬ್ಬಂದಿಯ ಅನುಕೂಲಕ್ಕೋ ಶಿಸ್ತಿಗೋ ನರ್ಸಿಂಗ್ ಹೋಮಿನ ಹಿರಿಯರನ್ನು ಕಟ್ಟುವಂತಿಲ್ಲ ಅಂತ ಹೇಳಿತು. ಮಂಚದ ಕಂಬಿಯೂ ಅಷ್ಟು ಸರಳ ಅಲ್ಲ. ಗೊಂದಲದಲ್ಲಿರುವವರು ಅದನ್ನು ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ, ಅಥವಾ ಕಂಬಿ ಮತ್ತು ಹಾಸಿಗೆಯ ಸಂದಿಯಲ್ಲಿ ತಲೆ ಸಿಕ್ಕಿಕೊಳ್ಳುತ್ತದೆ. ಮೈಮೇಲೆ ಎಚ್ಚರ ಇದ್ದು "ನನಗೆ ಹಿಡಿದು ಹೊರಳಲು ಕಂಬಿ ಬೇಕು" ಅನ್ನುವವರಿಗೆ ಅದೇ ಕಂಬಿ ಸಹಾಯ. ಹಾಗಾಗಿ ಒಬ್ಬೊಬ್ಬರಿಗೂ ಬೇರೆ ಬೇರೆ ಯೋಚಿಸಬೇಕು.

ಬೀಳುವುದನ್ನು ಕಡಿಮೆ ಮಾಡುವ ದಾರಿ ಬೇರೆ ಇದೆ. ಯಾಕೆ ಎದ್ದರು ಅಂತ ಮೊದಲು ಕೇಳಬೇಕು. ಹೆಚ್ಚಿನ ಸಲ ಉತ್ತರ ಬಾತ್‌ರೂಮ್. ರಾತ್ರಿ ಮಲಗುವ ಮೊದಲು ಒಮ್ಮೆ, ನಡುರಾತ್ರಿ ಒಮ್ಮೆ ಕರೆದುಕೊಂಡು ಹೋದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಮಂಚ ತಗ್ಗಾಗಿರಲಿ, ದಾರಿಯಲ್ಲಿ ಮಂದ ಬೆಳಕಿರಲಿ, ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಇರಲಿ. ಮಲಗಿದ್ದಾಗ ಒಮ್ಮೆ, ನಿಂತ ಮೇಲೆ ಒಮ್ಮೆ ಬಿಪಿ ನೋಡಲಿ. ಮೇಲಿನ ಸಂಖ್ಯೆ 20 ಅಥವಾ ಜಾಸ್ತಿ ಇಳಿದರೆ ತಲೆ ಸುತ್ತಲು ಅದೇ ಕಾರಣ ಇರಬಹುದು, ಮಾತ್ರೆ ಬದಲಿಸಬೇಕಾಗಬಹುದು. ಒಬ್ಬರೂ ಬೀಳುವುದಿಲ್ಲ ಅನ್ನುವ ಮನೆಯನ್ನು ನಂಬಬೇಡಿ. ಬಿದ್ದ ಮೇಲೆ ಏನು ಬದಲಿಸಿದರು ಅಂತ ತೋರಿಸುವ ಮನೆಯನ್ನು ನಂಬಿ.

ಔಷಧಿ ವಿಷಯದಲ್ಲಿ ಏನು ಕೇಳಬೇಕು?

ಸರಿಯಾದ ವ್ಯಕ್ತಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ (ಬಾಯಿಂದಲೋ, ಸೂಜಿಯಿಂದಲೋ), ಸರಿಯಾದ ಹೊತ್ತು. ಈ ಐದು ನರ್ಸ್‌ಗಳಿಗೆ ಬಾಯಿಪಾಠ. ಕೊಟ್ಟ ಮೇಲೆ ಸಹಿ ಹಾಕಬೇಕು, ಕೊಡುವ ಮೊದಲಲ್ಲ. ಮಾತ್ರೆಯನ್ನು ಮೇಜಿನ ಮೇಲಿಟ್ಟು ಹೋಗುವಂತಿಲ್ಲ. ಔಷಧಿ ಕೊಡುತ್ತಿರುವವರನ್ನು ನಡುವೆ ಕರೆದು ಬೇರೆ ಕೆಲಸ ಹೇಳುವ ಮನೆಯಲ್ಲಿ ತಪ್ಪುಗಳಾಗುತ್ತವೆ.

ನುಂಗಲು ಆಗದವರಿಗೆ ಎಲ್ಲ ಮಾತ್ರೆಯನ್ನೂ ಕುಟ್ಟಿ ಪುಡಿ ಮಾಡಿ ಕೊಡುವುದನ್ನು ಕಂಡರೆ ತಕ್ಷಣ ಕೇಳಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಕುಟ್ಟಿದರೆ ಇಡೀ ದಿನದ ಔಷಧಿ ಒಂದೇ ಸಲ ಮೈಗೆ ಸೇರುತ್ತದೆ.

ಇನ್ನೊಂದು ದೊಡ್ಡ ವಿಷಯ ಮಂಪರು ಬರಿಸುವ ಔಷಧಿ. ಮರೆವಿನ ಕಾಯಿಲೆ ಇರುವವರು ಕೂಗಾಡುತ್ತಾರೆ ಅಂತ ಮನೋರೋಗದ ಮಾತ್ರೆ ಹಾಕಿ ಸುಮ್ಮನಾಗಿಸುವುದು ಕಟ್ಟಿ ಹಾಕಿದ ಹಾಗೇ, ಹಗ್ಗ ಕಾಣುವುದಿಲ್ಲ ಅಷ್ಟೇ. ಇಂಥ ಔಷಧಿಗಳಿಂದ ಮರೆವಿನ ಕಾಯಿಲೆಯ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ತನ್ನ ಅತಿ ಕಠಿಣ ಎಚ್ಚರಿಕೆ ಹಾಕಿಸಿದೆ. ಕೆಲವರಿಗೆ ಇದು ನಿಜಕ್ಕೂ ಬೇಕಾಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಯಾಕೆ ಶುರು ಮಾಡಿದರು, ಯಾವತ್ತು ನಿಲ್ಲಿಸಿ ನೋಡುತ್ತಾರೆ ಅಂತ ಬರೆದಿರಬೇಕು. ಕೂಗಾಟಕ್ಕೆ ನೋವು, ಮಲಬದ್ಧತೆ, ಮೂತ್ರದ ಸೋಂಕು, ಹಸಿವು ಕಾರಣ ಇರಬಹುದಲ್ವಾ? ಅದನ್ನು ಮೊದಲು ನೋಡಬೇಕು.

ವರ್ಷಕ್ಕೊಮ್ಮೆಯಾದರೂ ಇಡೀ ಪಟ್ಟಿಯನ್ನು ವೈದ್ಯರು ಕೂತು ನೋಡಬೇಕು. ಹಿರಿಯರಿಗೆ ಯಾವ ಔಷಧಿ ಒಳ್ಳೆಯದಲ್ಲ ಅಂತ ಹೇಳುವ ಬೀರ್ಸ್ ಪಟ್ಟಿ 1991ರಲ್ಲಿ ಮೊದಲು ತಯಾರಾದದ್ದೇ ನರ್ಸಿಂಗ್ ಹೋಮಿನವರಿಗಾಗಿ.

ಊಟ, ನೀರು ಸರಿಯಾಗಿ ಸಿಗುತ್ತಿದೆ ಅಂತ ತಿಳಿಯುವುದು ಹೇಗೆ?

ತೂಕ ಕೇಳಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆಯುವುದು ಕನಿಷ್ಠ. ಒಂದು ತಿಂಗಳಲ್ಲಿ ಶೇ. 5, ಆರು ತಿಂಗಳಲ್ಲಿ ಶೇ. 10 ಇಳಿದರೆ ಅದು "ವಯಸ್ಸಾಯ್ತು" ಅಂತ ಬಿಡುವ ವಿಷಯವಲ್ಲ. ತಟ್ಟೆ ಮುಂದಿಟ್ಟು, ಅರ್ಧ ಗಂಟೆ ಬಿಟ್ಟು ಹಾಗೇ ಎತ್ತಿಕೊಂಡು ಹೋಗುತ್ತಾರಾ, ಅಥವಾ ಪಕ್ಕ ಕೂತು ತಿನ್ನಿಸುತ್ತಾರಾ? ನಿಂತುಕೊಂಡು ಬಾಯಿಗೆ ತುರುಕುವುದು ತಿನ್ನಿಸುವುದಲ್ಲ. ಕುಡಿಯುವ ದ್ರವ ದಿನಕ್ಕೆ ಹೆಂಗಸರಿಗೆ ಸುಮಾರು 1.6 ಲೀಟರ್, ಗಂಡಸರಿಗೆ 2 ಲೀಟರ್ ಸಿಗಬೇಕು ಅನ್ನುವುದು ಯುರೋಪಿನ ಪೋಷಣಾ ತಜ್ಞರ ಸಲಹೆ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ವೈದ್ಯರು ಬೇರೆ ಅಳತೆ ಹೇಳಿರುತ್ತಾರೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕಡಿಮೆಯಾಗುತ್ತದೆ, ಹಾಗಾಗಿ "ಕೇಳಿದರೆ ಕೊಡುತ್ತೇವೆ" ಅನ್ನುವುದು ಸಾಲದು. ರಾತ್ರಿ ಬಾತ್‌ರೂಮಿಗೆ ಕರೆದೊಯ್ಯುವುದು ತಪ್ಪಲಿ ಅಂತ ಸಂಜೆ ನೀರು ಕಡಿಮೆ ಕೊಡುವ ಕಡೆಗಳಿವೆ. ಇದನ್ನು ನೇರವಾಗಿ ಕೇಳಿ.

ನುಂಗುವಾಗ ಕೆಮ್ಮು ಬರುವವರನ್ನು ನುಂಗುವಿಕೆ ಬಲ್ಲ ತಜ್ಞರು ನೋಡಿರಬೇಕು. ಊಟ, ದ್ರವ ಎಷ್ಟು ಮೆತ್ತಗೆ, ಎಷ್ಟು ಗಟ್ಟಿ ಇರಬೇಕು ಅಂತ ಈಗ 0ಯಿಂದ 7ರವರೆಗೆ ಅಂತರರಾಷ್ಟ್ರೀಯ ಮಟ್ಟಗಳಿವೆ. ಅಡುಗೆಯವರಿಗೂ ಆ ಮಟ್ಟ ಗೊತ್ತಿರಬೇಕು, ಫೈಲಿನಲ್ಲಿ ಇದ್ದರೆ ಸಾಲದು. ನೇರವಾಗಿ ಕೂರಿಸಿ ತಿನ್ನಿಸಬೇಕು, ಆದ ಮೇಲೂ ಅರ್ಧ ಗಂಟೆ ಕೂತಿರಲಿ.

ಬಾಯಿ ತೊಳೆಯುವುದನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಜಪಾನಿನ ನರ್ಸಿಂಗ್ ಹೋಮ್‌ಗಳಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿ ಊಟದ ನಂತರ ಹಲ್ಲುಜ್ಜಿಸಿದವರಲ್ಲಿ ನ್ಯುಮೋನಿಯಾ ಕಡಿಮೆ ಕಂಡಿತು. ಒಂದು ಬ್ರಷ್, ಐದು ನಿಮಿಷ. ಭೇಟಿಗೆ ಹೋದಾಗ ಆ ಬ್ರಷ್ ಒಣಗಿ ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಿ.

ಸ್ನಾನದ ನೀರು ಎಷ್ಟು ಬಿಸಿ ಇರಬೇಕು?

ಇಲ್ಲಿ ಎರಡು ಅಪಾಯ ಎದುರುಬದುರು ಇವೆ. ಟ್ಯಾಂಕಿನಲ್ಲಿ ನೀರು ಬೆಚ್ಚಗೆ ನಿಂತರೆ ಲೀಜಿಯನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದರಿಂದ ಹಿರಿಯರಿಗೆ ಮಾರಕ ನ್ಯುಮೋನಿಯಾ ಬರಬಹುದು. ಹಾಗಾಗಿ 60 ಡಿಗ್ರಿಯಲ್ಲಿ ಇಡಬೇಕು. ಆದರೆ 60 ಡಿಗ್ರಿ ನೀರು ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಅದಕ್ಕೇ ನಲ್ಲಿಯ ಹತ್ತಿರ ತಣ್ಣೀರು ಬೆರೆಸುವ ವಾಲ್ವ್ ಹಾಕಿ ಇಳಿಸುತ್ತಾರೆ. ಬ್ರಿಟನ್ನಿನ ಆರೈಕೆ ಮನೆಗಳಲ್ಲಿ ಸ್ನಾನದ ತೊಟ್ಟಿಗೆ ಬರುವ ನೀರು 44 ಡಿಗ್ರಿ ದಾಟಬಾರದು. ವಾಲ್ವ್ ಇದ್ದರೂ ಪ್ರತಿ ಸಲ ಥರ್ಮಾಮೀಟರ್ ಇಟ್ಟು ನೋಡಬೇಕು.

ಬೆಂಕಿ ಬಿದ್ದರೆ?

ನಡೆಯಲಾಗದ 40 ಜನರನ್ನು ಇಬ್ಬರು ಸಿಬ್ಬಂದಿ ಮೆಟ್ಟಿಲಿಳಿಸಿ ಹೊರಗೆ ತರಲು ಸಾಧ್ಯವಿಲ್ಲ. ಅದಕ್ಕೇ ಕಟ್ಟಡವನ್ನು ಬೆಂಕಿ ತಡೆಯುವ ಬಾಗಿಲುಗಳಿಂದ ಭಾಗ ಮಾಡಿರುತ್ತಾರೆ. ಮೊದಲು ಹಾಸಿಗೆ ಸಮೇತ ಪಕ್ಕದ ಭಾಗಕ್ಕೆ ತಳ್ಳಿ ಬಾಗಿಲು ಮುಚ್ಚುತ್ತಾರೆ, ಆಮೇಲೆ ಕೆಳಗೆ. ಇದೆಲ್ಲ ನಿಂತಿರುವುದು ಆ ಬಾಗಿಲು ಮುಚ್ಚಿಕೊಳ್ಳುವುದರ ಮೇಲೆ. ಬಾಗಿಲಿಗೆ ಮರದ ತುಂಡು ಕೊಟ್ಟು ತೆರೆದಿಟ್ಟಿದ್ದರೆ ಅಲ್ಲೇ ಹೇಳಿ. ಅಣಕು ತರಬೇತಿ ಕೊನೆಗೆ ಯಾವಾಗ ಆಯಿತು, ರಾತ್ರಿ ಪಾಳಿಯವರಿದ್ದಾಗ ಮಾಡಿದ್ದಾರಾ ಅಂತ ಕೇಳಿ. ಒಬ್ಬೊಬ್ಬರನ್ನೂ ಹೇಗೆ ಹೊರಗೆ ತರುತ್ತಾರೆ ಅಂತ ಬರೆದ ಹಾಳೆ ಇರಬೇಕು.

ಸೋಂಕು ಹರಡದಂತೆ ಏನು ಮಾಡಬೇಕು?

ಕೈ. ಎಲ್ಲದಕ್ಕಿಂತ ಮೊದಲು ಕೈ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಸೋಪು ನೀರಿನಲ್ಲಾದರೆ 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರಾವಣದಲ್ಲಾದರೆ 20ರಿಂದ 30 ಸೆಕೆಂಡು. ಒಂದೇ ಜೊತೆ ಗ್ಲೌಸ್ ಹಾಕಿಕೊಂಡು ನಾಲ್ಕು ಕೋಣೆ ಸುತ್ತುವುದು ಗ್ಲೌಸ್ ಇಲ್ಲದೇ ಇರುವುದಕ್ಕಿಂತ ಕೆಟ್ಟದ್ದು. ಹಿರಿಯರಿಗೂ ಸಿಬ್ಬಂದಿಗೂ ಲಸಿಕೆ ಆಗಿದೆಯಾ ನೋಡಿ. ಜ್ವರ ಬಂದರೆ ಸಂಬಳದ ರಜೆ ಸಿಗುತ್ತದಾ ಅಂತ ಸಿಬ್ಬಂದಿಯನ್ನು ಕೇಳಿ, ಸಿಗದಿದ್ದರೆ ಅವರು ಜ್ವರದಲ್ಲೇ ಕೆಲಸಕ್ಕೆ ಬರುತ್ತಾರೆ. 2020ರಲ್ಲಿ ಕೋವಿಡ್ ಬಂದಾಗ ಒಂದೇ ದಿನ ಎರಡು ಮೂರು ಮನೆಗಳಲ್ಲಿ ದುಡಿಯುತ್ತಿದ್ದವರ ಮೂಲಕವೂ ಸೋಂಕು ಹರಡಿತು. ಅದು ಅವರ ತಪ್ಪಲ್ಲ, ಒಂದು ಕೆಲಸದಲ್ಲಿ ಹೊಟ್ಟೆ ತುಂಬದಿದ್ದರೆ ಇನ್ನೇನು ಮಾಡುತ್ತಾರೆ?

ಅಮ್ಮ ತಾವೇ ನಡೆಯುತ್ತಿದ್ದರು, ಸೇರಿಸಿದ ಮೇಲೆ ಡೈಪರ್ ಹಾಕಿಬಿಟ್ಟಿದ್ದಾರೆ. ಸರಿಯಾ?

ಸರಿಯಲ್ಲ. ಡೈಪರ್ ಅಗತ್ಯ ಇರುವವರಿಗೆ ಇರಲಿ, ಆದರೆ ಕರೆದುಕೊಂಡು ಹೋಗಲು ಜನ ಇಲ್ಲ ಅಂತ ಹಾಕುವುದು ಒಬ್ಬರ ಘನತೆಯನ್ನೇ ಕಸಿದ ಹಾಗೆ. "ಅದರಲ್ಲೇ ಮಾಡಿಕೊಳ್ಳಿ" ಅಂತ ಹೇಳಿಸಿಕೊಂಡ ದೊಡ್ಡವರ ಮುಖ ನಾನು ನೋಡಿದ್ದೇನೆ. ಅವರವರ ಹೊತ್ತು ಗಮನಿಸಿ ಕರೆದೊಯ್ಯುವ ಪಟ್ಟಿ ಮಾಡಿ ಅಂತ ಒತ್ತಾಯಿಸಿ. ಮೂತ್ರ ಹೋಗಲು ಹಾಕುವ ನಳಿಕೆಯೂ (ಕ್ಯಾತಿಟರ್) ಹಾಗೇ. ಬೇಕಾದ ಕಾರಣ ಮುಗಿದ ದಿನವೇ ತೆಗೆಯಬೇಕು, ಇದ್ದಷ್ಟು ದಿನವೂ ಸೋಂಕಿನ ಅಪಾಯ ಏರುತ್ತಲೇ ಹೋಗುತ್ತದೆ.

ಹೊಡೆಯುತ್ತಾರಾ, ಬೈಯುತ್ತಾರಾ ಅಂತ ಭಯ. ಹೇಗೆ ತಿಳಿಯುವುದು?

ಭಯಕ್ಕೆ ಕಾರಣ ಇದೆ. ವಿಶ್ವ ಆರೋಗ್ಯ ಸಂಸ್ಥೆ ಒಟ್ಟುಗೂಡಿಸಿದ ಅಧ್ಯಯನಗಳಲ್ಲಿ, ಕಳೆದ ಒಂದು ವರ್ಷದಲ್ಲಿ ಯಾವುದಾದರೂ ಬಗೆಯ ದೌರ್ಜನ್ಯ ಮಾಡಿದ್ದೇವೆ ಅಂತ ಇಂಥ ಸಂಸ್ಥೆಗಳ ಸಿಬ್ಬಂದಿಯೇ ಒಪ್ಪಿಕೊಂಡ ಪ್ರಮಾಣ ಮೂವರಲ್ಲಿ ಇಬ್ಬರು. ದೌರ್ಜನ್ಯ ಅಂದರೆ ಹೊಡೆತ ಮಾತ್ರ ಅಲ್ಲ. ಗದರುವುದು, ಕರೆದರೂ ಬರದಿರುವುದು, ಬಾಗಿಲು ತೆರೆದಿಟ್ಟೇ ಬಟ್ಟೆ ಬಿಚ್ಚುವುದು, ಹಣ ಎತ್ತಿಕೊಳ್ಳುವುದು ಎಲ್ಲವೂ.

ಮೇಲಿನ ತೋಳಿನಲ್ಲಿ ಬೆರಳಚ್ಚಿನ ಹಾಗೆ ಕಂದು ಕಲೆ, ಎರಡೂ ಮಣಿಕಟ್ಟಿನಲ್ಲಿ ಗುರುತು, ಒಬ್ಬರು ನಿರ್ದಿಷ್ಟ ಸಿಬ್ಬಂದಿ ಬಂದ ಕೂಡಲೇ ಮಾತು ನಿಲ್ಲುವುದು, ಇದ್ದಕ್ಕಿದ್ದಂತೆ "ಮನೆಗೆ ಕರ್ಕೊಂಡ್ ಹೋಗು" ಅನ್ನುವುದು, ಇವನ್ನು ಹಗುರವಾಗಿ ತಗೊಳ್ಳಬೇಡಿ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ ಸುಮ್ಮನೆ ತಾಗಿದರೂ ಕಲೆ ಬರುತ್ತದೆ ಅನ್ನುವುದೂ ನಿಜ, ಹಾಗಾಗಿ ಕೂಗಾಡುವ ಮೊದಲು ಫೋಟೊ ತೆಗೆದು, ದಿನಾಂಕ ಬರೆದು, ಕಾರಣ ಕೇಳಿ. ಉತ್ತರ ಹೊಂದದಿದ್ದರೆ ವೈದ್ಯರಿಗೆ ತೋರಿಸಿ, ಮೇಲ್ವಿಚಾರಣೆ ಮಾಡುವ ಸರ್ಕಾರಿ ಇಲಾಖೆಗೆ ಬರೆಯಿರಿ. ಜೀವಕ್ಕೆ ಅಪಾಯ ಅನ್ನಿಸಿದರೆ ನೇರ ಪೊಲೀಸರಿಗೆ.

ಕೋಣೆಯಲ್ಲಿ ಕ್ಯಾಮೆರಾ ಇಟ್ಟರೆ?

ಕಾರಿಡಾರಿನಲ್ಲಿ ಇರಲಿ. ಕೋಣೆಯಲ್ಲಿ ಇಡುವ ಮೊದಲು ಅಲ್ಲಿ ಮಲಗುವವರನ್ನು ಕೇಳಿ. ಬಟ್ಟೆ ಬದಲಿಸುವುದು, ಮೈ ಒರೆಸುವುದು ಎಲ್ಲ ಅದರಲ್ಲಿ ಸೇರುತ್ತದೆ, ಪಕ್ಕದ ಮಂಚದವರದ್ದೂ ಸೇರುತ್ತದೆ. ಕೆಲವು ಕಡೆ ಇದಕ್ಕೆ ಪ್ರತ್ಯೇಕ ಕಾನೂನಿದೆ.

ದೂರು ಕೊಟ್ಟರೆ ಅಪ್ಪನ ಮೇಲೆ ಸಿಟ್ಟು ತೀರಿಸಿಕೊಂಡರೆ?

ಇದನ್ನು ಕೇಳದ ಕುಟುಂಬವೇ ಇಲ್ಲ. ಬಾಯಿಮಾತಿನಲ್ಲಿ ಹತ್ತು ಸಲ ಗೊಣಗುವುದಕ್ಕಿಂತ ಒಂದು ಸಲ ಬರೆದು ಕೊಡುವುದು ಹೆಚ್ಚು ಸುರಕ್ಷಿತ, ಯಾಕೆಂದರೆ ಬರೆದ ಮೇಲೆ ಎಲ್ಲರ ಕಣ್ಣೂ ನಿಮ್ಮ ಅಪ್ಪನ ಮೇಲಿರುತ್ತದೆ. ವ್ಯಕ್ತಿಯ ಬಗ್ಗೆ ಬರೆಯಬೇಡಿ, ನಡೆದದ್ದನ್ನು ಬರೆಯಿರಿ: "ಮಂಗಳವಾರ ಸಂಜೆ 7ಕ್ಕೆ ಬಂದಾಗ ಬೆಳಗಿನ ಬಟ್ಟೆಯೇ ಇತ್ತು, ಒದ್ದೆಯಾಗಿತ್ತು." ಉತ್ತರಕ್ಕೆ ದಿನ ಗೊತ್ತು ಮಾಡಿ. ಆಮೇಲೆ ಬೇರೆ ಬೇರೆ ಹೊತ್ತಿನಲ್ಲಿ ಹೋಗುತ್ತಿರಿ. ಬೇರೆ ನಿವಾಸಿಗಳ ಮನೆಯವರ ಜೊತೆ ಸೇರಿ ತಿಂಗಳಿಗೊಮ್ಮೆ ಮ್ಯಾನೇಜರ್ ಜೊತೆ ಕೂರುವ ರೂಢಿ ಮಾಡಿಕೊಂಡರೆ ಒಬ್ಬರೇ ಕೆಟ್ಟವರಾಗುವ ಪ್ರಶ್ನೆ ಬರುವುದಿಲ್ಲ. ಚೆನ್ನಾಗಿ ನೋಡಿಕೊಂಡ ಸಿಬ್ಬಂದಿಯ ಹೆಸರನ್ನೂ ಬರೆದು ಕೊಡಿ, ಅವರಿಗೆ ಅದು ಅಪರೂಪಕ್ಕೆ ಸಿಗುವ ಮಾತು.

ಹಣ, ಒಪ್ಪಂದ?

ಸಹಿ ಹಾಕುವ ಮೊದಲು ಮನೆಗೆ ತಂದು ಓದಿ. ಯಾವುದು ಸೇರಿದೆ, ಯಾವುದಕ್ಕೆ ಬೇರೆ ಹಣ, ದರ ಯಾವಾಗ ಏರುತ್ತದೆ, ಆಸ್ಪತ್ರೆಗೆ ಸೇರಿದ ದಿನಗಳಿಗೂ ಕೊಡಬೇಕಾ, ಕಾಯಿಲೆ ಜಾಸ್ತಿಯಾದರೆ "ಕರೆದುಕೊಂಡು ಹೋಗಿ" ಅಂತಾರಾ, ತೀರಿಕೊಂಡರೆ ಠೇವಣಿ ಎಷ್ಟು ದಿನದಲ್ಲಿ ವಾಪಸ್. ಕೊನೆಯ ಎರಡನ್ನು ಬಾಯಿಬಿಟ್ಟು ಕೇಳಲು ಜನಕ್ಕೆ ಸಂಕೋಚ. ಕೇಳಿ.

ಕೊನೆಯ ದಿನಗಳು ಅಲ್ಲೇ ಕಳೆಯಬಹುದಾ?

ಒಳ್ಳೆಯ ಮನೆಯಲ್ಲಿ ಕಳೆಯಬಹುದು. ನೋವು, ಉಸಿರಾಟದ ಕಷ್ಟ ಇಳಿಸುವ ಔಷಧಿ ರಾತ್ರಿಯೂ ಕೊಡಬಲ್ಲ ನರ್ಸ್ ಇರಬೇಕು, ಕರೆದರೆ ಬರುವ ವೈದ್ಯರಿರಬೇಕು, ಮನೆಯವರು ಪಕ್ಕ ಉಳಿಯಲು ಒಂದು ಕುರ್ಚಿಯಾದರೂ ಇರಬೇಕು. ಆಸ್ಪತ್ರೆಗೆ ಒಯ್ಯಬೇಕಾ, ಉಸಿರಾಟದ ಯಂತ್ರ ಬೇಕಾ ಅಂತ ಅವರಿಗೆ ಮಾತಾಡುವ ಶಕ್ತಿ ಇದ್ದಾಗಲೇ ಕೇಳಿ ಬರೆದಿಡಿ. ಈ ಮಾತು ಎತ್ತಲು ಮಕ್ಕಳು ಹೆದರುತ್ತಾರೆ. ಹಿರಿಯರು ಎಷ್ಟೋ ಸಲ ಅದನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತಾರೆ.

ಈ ಮನೆ ಸರಿಯಿಲ್ಲ ಅಂತ ಗೊತ್ತಾಯಿತು. ಬದಲಿಸಲಾ?

ಅಪಾಯ ಇದ್ದರೆ ಇವತ್ತೇ. ಬರೀ ಬೇಸರ ಇದ್ದರೆ ಒಂದು ತಿಂಗಳು ಬರೆದು, ಕೇಳಿ, ತಿದ್ದಿಸಿ ನೋಡಿ. ಜಾಗ ಬದಲಾಗುವುದೇ ಹಿರಿಯರಿಗೆ ದೊಡ್ಡ ಪೆಟ್ಟು, ಅದರಲ್ಲೂ ಮರೆವಿನ ಕಾಯಿಲೆ ಇದ್ದರೆ ಕೆಲವು ವಾರ ಗೊಂದಲ ಜಾಸ್ತಿಯಾಗುತ್ತದೆ.

ಬದಲಿಸುವ ದಿನ ಬೆಳಗ್ಗೆಯೇ ಹೊರಡಿ, ಸಂಜೆ ಹೊತ್ತಿಗೆ ಹೊಸ ಜಾಗ ಮುಟ್ಟಿಸಬೇಡಿ. ಔಷಧಿ ಪಟ್ಟಿ, ಇವತ್ತು ಕೊಟ್ಟದ್ದು ಯಾವುದು ಬಾಕಿ ಯಾವುದು, ಕೊನೆಯ ತೂಕ, ಅಲರ್ಜಿ, ಊಟದ ಮಟ್ಟ ಇಷ್ಟನ್ನು ಬರೆಸಿಕೊಳ್ಳಿ. ಹೊರಡುವಾಗ ಒಮ್ಮೆ, ತಲುಪಿದ ಮೇಲೆ ಒಮ್ಮೆ, ನರ್ಸ್ ಎದುರಿಗೆ ಮೈ ಪೂರ್ತಿ ನೋಡಿ ಬರೆಸಿ. ಆಮೇಲೆ ಒಂದು ಹಾಳೆಯಲ್ಲಿ ನಿಮ್ಮ ಕೈಯಾರೆ ಬರೆದು ಮಂಚದ ಪಕ್ಕ ಅಂಟಿಸಿ: ಯಾವ ಹೆಸರಿನಿಂದ ಕರೆದರೆ ಓಗೊಡುತ್ತಾರೆ, ಯಾವ ಕಿವಿ ಕೇಳುತ್ತದೆ, ಯಾವ ಮಗ್ಗುಲಿಗೆ ನಿದ್ದೆ ಬರುತ್ತದೆ, ರಾತ್ರಿ ದೀಪ ಬೇಕಾ ಬೇಡವಾ. ರಾತ್ರಿ ಪಾಳಿಗೆ ಬರುವವರು ಮೊದಲು ಓದುವುದು ಅದನ್ನೇ. ನಾನು ಯಾವಾಗಲೂ ಅದನ್ನೇ ಓದುತ್ತಿದ್ದೆ.